ಸೀಲೆಂಟ್ ಎದ್ದು ಹೋಯ್ತು ಅಂತ ಮಗುವಿಗೆ ತಪಾಸಣೆ ತಪ್ಪಿಸಬೇಡಿ

ಹುಳುಕು ಬಾರದಂತೆ ದವಡೆ ಹಲ್ಲಿನ ಗೀರುಗಳನ್ನು ಮುಚ್ಚಲು ಹಾಕುವ ತೆಳು ಪದರವೇ ಸೀಲೆಂಟ್. ಕುಮಟಾ, ಹೊನ್ನಾವರ ಕಡೆಯ ಶಾಲೆಗಳಿಗೆ ಎರಡನೇ ವರ್ಷದ ಹಲ್ಲಿನ ತಪಾಸಣೆಗೆ ಹೋದಾಗಲೆಲ್ಲ ಇದೇ ಮಾತು. "ಡಾಕ್ಟ್ರೇ, ಹೋದ ವರ್ಷ ಹಾಕಿದ್ದು ಎದ್ದೇ ಹೋಯ್ತು. ಮತ್ತೆ ಯಾಕೆ ಸುಮ್ನೆ? ಆಸಿಡ್ ಬೇರೆ ಹಚ್ಚಿದ್ರಿ, ಹಲ್ಲು ಮೊದಲಿಗಿಂತ ಹಾಳಾಗಿರ್ತದೆ." ತಪಾಸಣೆಯ ದಿನ ಮಗುವನ್ನು ಶಾಲೆಗೇ ಕಳಿಸದ ಮನೆಗಳೂ ಇವೆ. ನನಗೆ ಸಿಟ್ಟು ಬರುವುದು ಇಲ್ಲಿಯೇ.

ಹಲ್ಲು ಹಾಳಾಗಿರುವುದಿಲ್ಲ. ಸೀಲೆಂಟ್ ಹಿಡಿದುಕೊಳ್ಳಲಿ ಅಂತ ಮೊದಲು ಆಸಿಡ್ ಜೆಲ್ ಹಚ್ಚುವುದು ಅರ್ಧ ನಿಮಿಷದೊಳಗೆ, ಆಮೇಲೆ ತೊಳೆದುಬಿಡುತ್ತೇವೆ. ಮೇಲ್ಮೈ ಸೀಮೆಸುಣ್ಣದ ಹಾಗೆ ಬೆಳ್ಳಗಾಗುತ್ತದೆ, ಅಷ್ಟೇ. ಸೀಲೆಂಟ್ ಕೂರದ ಜಾಗವನ್ನು ಎಂಜಲಿನಲ್ಲಿರುವ ಖನಿಜವೇ ಮತ್ತೆ ಗಟ್ಟಿ ಮಾಡುತ್ತದೆ. ಸೀಲೆಂಟ್ ಎದ್ದುಹೋದ ಹಲ್ಲಿಗೆ ಹುಳುಕಿನ ಭಯ, ಸೀಲೆಂಟೇ ಹಾಕದ ಹಲ್ಲಿಗಿಂತ ಜಾಸ್ತಿ ಇಲ್ಲ. ಮತ್ತೊಮ್ಮೆ ಹೇಳುತ್ತೇನೆ, ಜಾಸ್ತಿ ಇಲ್ಲ. ಅದಕ್ಕೇ ಅಮೆರಿಕದ ಸರ್ಕಾರಿ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ನೇಮಿಸಿದ ತಜ್ಞರು 2009ರಲ್ಲಿ ಹೇಳಿದ್ದು: ಮರುತಪಾಸಣೆ ಖಾತ್ರಿ ಇಲ್ಲದಿದ್ದರೂ ಶಾಲಾ ಮಕ್ಕಳಿಗೆ ಸೀಲೆಂಟ್ ಹಾಕಿ. ಇದ್ದಷ್ಟು ದಿನ ಅದು ಕೆಲಸ ಮಾಡಿರುತ್ತದೆ. ಸಿಡಿಸಿ ಲೆಕ್ಕದಲ್ಲಿ ಸೀಲೆಂಟ್ ದವಡೆ ಹಲ್ಲಿನ ಹುಳುಕನ್ನು ಮೊದಲ 2 ವರ್ಷ ಶೇ 80ರಷ್ಟು ತಡೆಯುತ್ತದೆ. 4 ವರ್ಷದವರೆಗೂ ಶೇ 50ರಷ್ಟು ರಕ್ಷಣೆ ಉಳಿಯುತ್ತದೆ.

ಇನ್ನೊಂದು, "ಎದ್ದು ಹೋಯ್ತು" ಅಂದಿದ್ದೆಲ್ಲ ಎದ್ದು ಹೋಗಿರುವುದಿಲ್ಲ. ಅಂಕೋಲಾ ಹತ್ತಿರದ ಶಾಲೆಯೊಂದರಲ್ಲಿ ಹೀಗೇ ವಾದಕ್ಕೆ ಬಂದ ತಾಯಿಯ ಕೈಗೆ ಟಾರ್ಚ್ ಕೊಟ್ಟೆ. ಮಗಳ ಬಾಯಲ್ಲಿ ಕನ್ನಡಿ ಹಿಡಿದು ದವಡೆ ಹಲ್ಲು ತೋರಿಸಿದೆ. ಮೇಲಿನ ಪದರ ಸವೆದಿತ್ತು. ಗೀರುಗಳ ತಳದಲ್ಲಿ ಮಾತ್ರ ಬಿಳಿ ಗೆರೆ ಹಾಗೇ ಕೂತಿತ್ತು, ಒಂದು ಮೂಲೆ ಬಿಟ್ಟು. ಆ ಮೂಲೆಗಷ್ಟೇ ಮತ್ತೆ ಹಾಕಿದೆವು. "ಇಷ್ಟೇಯಾ!" ಅಂದರು ಆ ತಾಯಿ. ಹೌದು, ಇಷ್ಟೇ.

ಸೀಲೆಂಟ್ ಬೇಗ ಬೀಳುವುದಕ್ಕೆ ದೊಡ್ಡ ಕಾರಣ ಒದ್ದೆ. ಆಸಿಡ್ ತೊಳೆದು ಒಣಗಿಸಿದ ಮೇಲೆ ಒಂದು ಹನಿ ಎಂಜಲು ತಾಗಿದರೂ ಹಿಡಿತ ಹೋಯಿತು. ಶಾಲೆಯ ಬೆಂಚಿನ ಮೇಲೆ, ಹತ್ತಿ ಸುರುಳಿಯನ್ನು ನಾಲಿಗೆಯಿಂದ ತಳ್ಳುವ ಆರು ವರ್ಷದ ಮಗುವಿನ ಬಾಯಲ್ಲಿ ಇದು ಸುಲಭವಲ್ಲ. ಕೈ ಜೋಡಿಸಲು ಇನ್ನೊಬ್ಬರು ಇದ್ದರೆ ಸೀಲೆಂಟ್ ಹೆಚ್ಚು ದಿನ ನಿಲ್ಲುತ್ತದೆ. ಮಗುವಿನ ಕೈ ಹಿಡಿದು ಪಕ್ಕದಲ್ಲೇ ನಿಲ್ಲುವ ಅಕ್ಕೋರು ಇದ್ದರಂತೂ ನಮಗೆ ಅರ್ಧ ಕೆಲಸ ಹಗುರ. ಹಲ್ಲು ಇನ್ನೂ ಅರ್ಧ ವಸಡಿನೊಳಗೇ ಇದ್ದರೆ ಗ್ಲಾಸ್ ಅಯೋನೊಮರ್ ಅನ್ನುವ ಇನ್ನೊಂದು ಬಗೆಯ ಸೀಲೆಂಟ್ ಹಾಕುವುದುಂಟು. ಒದ್ದೆಯನ್ನು ಅದು ಸ್ವಲ್ಪ ತಾಳಿಕೊಳ್ಳುತ್ತದೆ, ಆದರೆ ಬೇಗ ಸವೆಯುತ್ತದೆ. ಯಾವುದು ಸರಿ ಅಂತ ಹಲ್ಲು ನೋಡಿಯೇ ಹೇಳಬೇಕು.

ಒಳ್ಳೆಯ ಕೈಕೆಲಸಕ್ಕೆ ಎಷ್ಟು ಬಾಳಿಕೆ? ಅಮೆರಿಕದ ಒಂದು ಅಧ್ಯಯನದಲ್ಲಿ ಒಂದೇ ಸಲ ಹಾಕಿದ್ದನ್ನು 15 ವರ್ಷದ ನಂತರ ನೋಡಿದರು. ಶೇ 28 ಹಲ್ಲುಗಳಲ್ಲಿ ಪೂರ್ತಿ ಇತ್ತು, ಶೇ 35ರಲ್ಲಿ ಅರ್ಧಂಬರ್ಧ. ನಮ್ಮ ಶಾಲೆಗಳಲ್ಲಿ ಅಷ್ಟು ಸಿಗುತ್ತದೆ ಅಂತ ನಾನು ಭರವಸೆ ಕೊಡಲಾರೆ. ಅದಕ್ಕೇ ವರ್ಷಕ್ಕೊಮ್ಮೆ ನೋಡಬೇಕು ಅನ್ನುವುದು. ಹಲ್ಲುಗಳ ನಡುವಿನ ಸಂದಿಯನ್ನು ಸೀಲೆಂಟ್ ಕಾಯುವುದಿಲ್ಲ, ಬ್ರಶ್ ಬಿಡುವ ಹಾಗಿಲ್ಲ.

ಮಾಸ್ತರು, ಅಕ್ಕೋರಲ್ಲಿ ಒಂದು ವಿನಂತಿ. ಎರಡನೇ ಶಾಶ್ವತ ದವಡೆ ಹಲ್ಲು ಬರುವುದು ಸುಮಾರು 12ನೇ ವರ್ಷಕ್ಕೆ. ಆ ಹೊತ್ತಿಗೆ ಮಕ್ಕಳು ಏಳನೇ ಕ್ಲಾಸು ಮುಗಿಸಿ ಹೈಸ್ಕೂಲಿಗೆ ಹೋಗುತ್ತಾರೆ, ನಮ್ಮ ಪಟ್ಟಿಯಿಂದ ತಪ್ಪಿಹೋಗುತ್ತಾರೆ. ಹೋಗುವ ಮೊದಲು ಅವರನ್ನೂ ಒಮ್ಮೆ ಸಾಲಿಗೆ ನಿಲ್ಲಿಸಿ.