ಹೊಸ ಆ್ಯಪ್ ಬೇಡ, ಅರ್ಜಿ ಎಲ್ಲಿದೆ ಅಂತ ಹೇಳಿ

2015ರಲ್ಲಿ ಶುರುವಾದ ಸ್ಮಾರ್ಟ್ ಸಿಟಿ ಯೋಜನೆಯ 100 ಊರುಗಳ ಪಟ್ಟಿಗೆ ಪಕ್ಕದ ತುಮಕೂರು ಸೇರಿತು, ಹಾಸನ ಸೇರಲಿಲ್ಲ. ಬೇಜಾರೇನಿಲ್ಲ. ಆನ್‌ಲೈನಲ್ಲಿ ಅರ್ಜಿ ಹಾಕುವ ಸೇವಾ ಸಿಂಧು, ಗಡುವಿನೊಳಗೆ ಸೇವೆ ಕೊಡಿಸುವ ಸಕಾಲ, ಆಸ್ತಿಯ ಇ-ಖಾತಾ ಎಲ್ಲಾ ಆ ಪಟ್ಟಿಯ ಹಂಗಿಲ್ಲದೆ ನಮಗೂ ಬಂದಿವೆ.

ಸೇವಾ ಕೇಂದ್ರಗಳ ಆಪರೇಟರ್‌ಗಳಿಗೆ ತರಬೇತಿ ಕೊಡುವುದು ನನ್ನ ಕೆಲಸ. ಕೌಂಟರ್ ಪಕ್ಕ ಕೂತರೆ ಜನಕ್ಕೆ ಏನು ಬೇಕು ಅಂತ ತಾನಾಗೇ ಗೊತ್ತಾಗುತ್ತದೆ. ಹೊಸ ಆ್ಯಪ್ ಬೇಕು ಅಂತ ಯಾರೂ ಬರುವುದಿಲ್ಲ. "ಸಾರ್, ನನ್ನ ಅರ್ಜಿ ಯಾರ ಹತ್ರ ಇದೆ?" ಇದೇ ಪ್ರಶ್ನೆ ಜಾಸ್ತಿ. ಆದಾಯ ಪ್ರಮಾಣಪತ್ರದ ಅರ್ಜಿ ಗ್ರಾಮ ಆಡಳಿತಾಧಿಕಾರಿ, ರೆವಿನ್ಯೂ ಇನ್‌ಸ್ಪೆಕ್ಟರ್ ಕೈ ದಾಟಿ ತಹಶೀಲ್ದಾರ್ ಹತ್ತಿರ ಹೋಗುತ್ತದೆ. ಜನಕ್ಕೆ ಸಿಗುವ ಉತ್ತರ ಮಾತ್ರ "ಪರಿಶೀಲನೆಯಲ್ಲಿದೆ". ಎಲ್ಲಿ, ಯಾರ ಪರಿಶೀಲನೆ? ಅದು ಗೊತ್ತಾಗದಿದ್ದರೆ ಮನೆಯಲ್ಲಿ ಕೂತು ಅರ್ಜಿ ಹಾಕಿದವರೂ ಕೊನೆಗೆ ಬಸ್ ಹತ್ತಿ ಕಚೇರಿಗೇ ಬರಬೇಕು, ಅಲ್ವಾ?

ಅರ್ಜಿ ತಿರಸ್ಕಾರವಾದರಂತೂ ಇನ್ನೂ ಕಷ್ಟ. ಆಲೂರು ಕಡೆಯ ಅಜ್ಜ ಒಬ್ಬರ ಅರ್ಜಿ "ದಾಖಲೆ ಸರಿಯಿಲ್ಲ" ಅಂತ ವಾಪಸ್ ಬಂದಿತ್ತು. ಯಾವ ದಾಖಲೆ ಅಂತ ಇಲ್ಲ. ಎಲ್ಲಾ ಕಾಗದ ಮೇಜಿನ ಮೇಲೆ ಹರಡಿ ನೋಡಿದರೆ, ಆಧಾರ್‌ನಲ್ಲಿ ಹೆಸರಿನ ಹಿಂದೆ ಇನಿಷಿಯಲ್ ಇದೆ, ಪಹಣಿಯಲ್ಲಿ ಅದೇ ಹೆಸರಿನ ಜೊತೆ "ಬಿನ್" ಅಂತ ಅಪ್ಪನ ಹೆಸರು ಪೂರ್ತಿ ಇದೆ. ಇದನ್ನು ಒಂದು ಸಾಲಿನಲ್ಲಿ ಬರೆದಿದ್ದರೆ ಅಜ್ಜನಿಗೆ ಒಂದು ದಿನದ ಕೆಲಸ ಉಳಿಯುತ್ತಿತ್ತು. ಇದಕ್ಕೆ ಕೋಟಿಗಟ್ಟಲೆ ದುಡ್ಡಿನ ಸಾಫ್ಟ್‌ವೇರ್ ಬೇಕಿಲ್ಲ, ಕಾರಣ ಬರೆಯದೆ ತಿರಸ್ಕರಿಸಲು ಆಗದ ಹಾಗೆ ಅಧಿಕಾರಿಯ ಕಂಪ್ಯೂಟರ್ ಪರದೆ ಮಾಡಿದರೆ ಸಾಕು.

ಇನ್ನು ಒಟಿಪಿ. ಅಮ್ಮ ಹಾಸನದಲ್ಲಿ, ಆಧಾರ್‌ಗೆ ಜೋಡಿಸಿದ ನಂಬರ್ ಬೆಂಗಳೂರಲ್ಲಿರುವ ಮಗನದ್ದು, ಅವನು ಮೀಟಿಂಗ್‌ನಲ್ಲಿ. ಅವನು ಫೋನ್ ಎತ್ತುವಷ್ಟರಲ್ಲಿ ಒಟಿಪಿ ಸಮಯ ಮುಗಿದಿರುತ್ತದೆ, ಹಿಂದೆ ಕ್ಯೂ ಬೆಳೆದಿರುತ್ತದೆ. ಅಮ್ಮನ ಕೈಯಲ್ಲೇ ಫೋನ್ ಇದ್ದರೆ ಅವರ ನಂಬರನ್ನೇ ಜೋಡಿಸಿ. ಆಧಾರ್ ಕೇಂದ್ರದಲ್ಲಿ ಬೆರಳಚ್ಚು ಕೊಟ್ಟರೆ ಆಯ್ತು, ಅದಕ್ಕೆ ಬೇರೆ ದಾಖಲೆ ಕೇಳುವುದಿಲ್ಲ.

ಅರ್ಜಿ ಹಾಕಿದಾಗ ಕೊಡುವ ಸಕಾಲದ ರಸೀದಿ ಮಾತ್ರ ಸುಮ್ನೆ ಬಿಸಾಡಬೇಡಿ. ಅದರಲ್ಲಿರುವ ಜಿಎಸ್‌ಸಿ ಸಂಖ್ಯೆಯೇ, ಅಂದರೆ ನಿಮ್ಮ ಅರ್ಜಿಯ ಸಕಾಲ ನಂಬರೇ, ನಿಮ್ಮ ಕೈಲಿರುವ ಪುರಾವೆ. ಗಡುವು ಮೀರಿದರೆ ಮೇಲ್ಮನವಿ ಹಾಕಬಹುದು. ತಡವಾದ ದಿನಕ್ಕೆ 20 ರೂಪಾಯಿಯಂತೆ, ಹೆಚ್ಚೆಂದರೆ 500 ರೂಪಾಯಿ ಪರಿಹಾರವನ್ನೂ 2011ರ ಸಕಾಲ ಕಾಯ್ದೆ ಕೊಟ್ಟಿದೆ. ಇದನ್ನು ಕೇಳಿ ಪಡೆಯುವವರು ಕಮ್ಮಿ. ಇಪ್ಪತ್ತು ರೂಪಾಯಿಗೆ ಯಾರು ಓಡಾಡುತ್ತಾರೆ ಅನ್ನುತ್ತೀರಿ, ಆದರೆ ಮೇಲ್ಮನವಿ ಹೋದರೆ ಫೈಲ್ ಯಾರ ಹತ್ತಿರ ನಿಂತಿದೆ ಅನ್ನುವುದನ್ನು ಅಧಿಕಾರಿಗಳೇ ಹೇಳಬೇಕಾಗುತ್ತದೆ.