ಪರ್ಮಿಷನ್ ಡಿನೈಡ್ ಬಂದ್ರೆ 777 ಹೊಡೀಬಹುದಾ?

ಪ್ರಶ್ನೆ: ಸಿರ್ಸೀಲಿ ನಮ್ಮದೊಂದು ಅಡಿಕೆ ವಖಾರಿ ಉಂಟು. ಇರೋದು ಒಂದೇ ಕಂಪ್ಯೂಟರ್, ಉಬುಂಟು ಹಾಕಿದ್ದೇವೆ, ನಂಗೊಂದು ಲಾಗಿನ್, ಲೆಕ್ಕ ಬರೆಯೋ ಹುಡುಗಂಗೊಂದು. ನಾ ಮಾಡಿದ ತೂಕದ ಪಟ್ಟಿ ಅವಂಗೆ ಓಪನ್ ಆಗ್ತದೆ, ಸೇವ್ ಮಾಡೋಕೆ ಹೋದ್ರೆ ಪರ್ಮಿಷನ್ ಡಿನೈಡ್. 'ಚ್‌ಮಾಡ್ 777 ಹೊಡೀರಿ, ಸರಿಯಾಗ್ತದೆ' ಅಂತಾರೆ. ಹೊಡೀಬಹುದಾ?

ಉತ್ತರ: ಹೊಡೆದ್ರೆ ಸೇವ್ ಆಗ್ತದೆ, ಸುಳ್ಳಲ್ಲ. ಆದ್ರೂ ಬೇಡ ಮಾರಾಯ್ರೆ. ಚ್‌ಮಾಡ್ (ಸಿಎಚ್‌ಎಂಒಡಿ) ಅಂದ್ರೆ ಪರ್ಮಿಷನ್ ಬದಲಿಸೋ ಕಮಾಂಡ್. 777 ಅಂದ್ರೆ ಆ ಕಂಪ್ಯೂಟರಲ್ಲಿ ಯಾವ ಲಾಗಿನ್ ಇದ್ರೂ, ಹಿಂದೆ ಸುಮ್ನೆ ಓಡ್ತಾ ಇರೋ ಯಾವ್ದೋ ಸರ್ವಿಸ್ ಆದ್ರೂ, ನಿಮ್ಮ ಪಟ್ಟೀನ ಓದಬಹುದು, ತಿದ್ದಬಹುದು, ಪ್ರೋಗ್ರಾಮ್ ತರ ರನ್ನೂ ಮಾಡಬಹುದು. ನಿಮಗೆ ಬೇಕಾಗಿದ್ದು ಇಬ್ರಿಗೆ ಅಷ್ಟೇ ಅಲ್ವಾ.

ಟರ್ಮಿನಲ್ ತೆಗೆದು ಆ ಫೋಲ್ಡರಲ್ಲಿ 'ಎಲ್‌ಎಸ್ -ಎಲ್' ಕೊಡಿ (ಇಲ್ಲಿ ಕಮಾಂಡನ್ನ ಕನ್ನಡದಲ್ಲಿ ಬರೀತಿದ್ದೇನೆ, ಟೈಪ್ ಮಾಡೋದು ಇಂಗ್ಲಿಷ್ ಅಕ್ಷರದಲ್ಲೇ). ಸಾಲಿನ ಶುರುವಲ್ಲಿ ಹತ್ತು ಅಕ್ಷರ ಕಾಣ್ತದೆ. ಮೊದಲನೇದು ಫೈಲೋ ಫೋಲ್ಡರೋ ಅಂತ ಹೇಳ್ತದೆ, ಉಳಿದ ಒಂಬತ್ತು ಮೂರು ಮೂರರಂತೆ ಓನರ್, ಗ್ರೂಪ್, ಮಿಕ್ಕವರು. ಆರ್ ಇದ್ರೆ ಓದೋಕೆ, ಡಬ್ಲ್ಯೂ ಇದ್ರೆ ಬರೆಯೋಕೆ, ಎಕ್ಸ್ ಇದ್ರೆ ರನ್ ಮಾಡೋಕೆ, ಫೋಲ್ಡರಾದ್ರೆ ಎಕ್ಸ್ ಅಂದ್ರೆ ಒಳಗೆ ಹೋಗೋಕೆ. ನಂಬರಲ್ಲಿ ಓದೋಕೆ 4, ಬರೆಯೋಕೆ 2, ಎಕ್ಸಿಗೆ 1. ನಿಮ್ಮ ಪಟ್ಟಿ 644 ಇರಬಹುದು, ಅಂದ್ರೆ ಓನರಿಗೆ 4+2, ಉಳಿದವ್ರಿಗೆ 4. ಓನರ್ ನೀವು, ಬರೆಯೋದು ನಿಮಗೆ ಮಾತ್ರ, ಹುಡುಗ ನೋಡಬಹುದು ಅಷ್ಟೇ.

ದಾರಿ ಅಂದ್ರೆ ಗ್ರೂಪ್. ಕಮಾಂಡಿನ ಮುಂದೆ ಸುಡೊ ಅಂದ್ರೆ ಅಡ್ಮಿನ್ ಹಕ್ಕಲ್ಲಿ ಓಡಿಸೋದು. ಮೊದ್ಲು 'ಸುಡೊ ಗ್ರೂಪ್‌ಆ್ಯಡ್ ವಖಾರಿ'. ಆಮೇಲೆ ಇಬ್ರನ್ನೂ ಸೇರಿಸೋದು, 'ಸುಡೊ ಯೂಸರ್‌ಮಾಡ್ -ಎಜಿ ವಖಾರಿ' ಮುಂದೆ ಲಾಗಿನ್ ಹೆಸರು. ಇಲ್ಲಿ ಎ ಸಣ್ಣದು, ಜಿ ದೊಡ್ಡದು, ಆ ಸಣ್ಣ ಎ ಬಿಟ್ಟೀರಿ ಜೋಕೆ, ಬಿಟ್ರೆ ಬೇರೆ ಎಲ್ಲಾ ಹೆಚ್ಚುವರಿ ಗ್ರೂಪಿಂದ ನಿಮ್ಮನ್ನ ತೆಗೆದುಹಾಕ್ತದೆ, ಸುಡೊ ಗ್ರೂಪೂ ಸೇರಿ, ಆಮೇಲೆ ಸುಡೊ ಕೊಡೋಕೂ ಬರೋದಿಲ್ಲ. ಸೇರಿಸಿದ ಮೇಲೆ ಇಬ್ರೂ ಲಾಗೌಟ್ ಮಾಡಿ ಬನ್ನಿ, ಅಲ್ಲಿವರೆಗೆ ಹೊಸ ಗ್ರೂಪ್ ಹತ್ತೋದಿಲ್ಲ. 'ಐಡಿ' ಅಂತ ಕೊಟ್ರೆ ಹತ್ತಿದೆಯೋ ಇಲ್ವೋ ಗೊತ್ತಾಗ್ತದೆ.

ಇಬ್ರೂ ಬಳಸೋ ಫೋಲ್ಡರ್ ನಿಮ್ಮ ಹೋಮಲ್ಲಿ (ನಿಮ್ಮ ಲಾಗಿನ್ನಿನ ಸ್ವಂತ ಫೋಲ್ಡರಲ್ಲಿ) ಬೇಡ, ಉಬುಂಟು 21.04ರಿಂದ ಈಚೆ ಹೊಸ ಹೋಮ್ ಫೋಲ್ಡರಿಗೆ 750 ಇರ್ತದೆ, ಬೇರೆಯವ್ರಿಗೆ ಬಾಗಿಲಲ್ಲೇ ತಡೆ. '/ಎಸ್‌ಆರ್‌ವಿ' ಒಳಗೆ ಸುಡೊದಲ್ಲಿ ವಖಾರಿ ಅಂತ ಫೋಲ್ಡರ್ ಮಾಡಿ, ಫೈಲೆಲ್ಲ ಅಲ್ಲಿ ಹಾಕಿ, ಅದರ ಮೇಲೆ ಸುಡೊದಲ್ಲಿ 'ಸಿಎಚ್‌ಜಿಆರ್‌ಪಿ -ಆರ್ ವಖಾರಿ', ಆಮೇಲೆ 'ಚ್‌ಮಾಡ್ -ಆರ್ ಯು=ಆರ್‌ಡಬ್ಲ್ಯೂಎಕ್ಸ್,ಜಿ=ಆರ್‌ಡಬ್ಲ್ಯೂಎಕ್ಸ್,ಓ=' ಕೊಡಿ. ಎರಡ್ರಲ್ಲೂ ಮೈನಸ್ ಮುಂದಿನ ಆರ್ ದೊಡ್ಡದು. ಯು, ಜಿ ಎರಡರ ಕೊನೇ ಎಕ್ಸೂ ದೊಡ್ಡದೇ ಇರಲಿ, ಆಗ ಫೋಲ್ಡರಿಗೆ ಎಕ್ಸ್ ಸಿಗ್ತದೆ, ಮಾಮೂಲಿ ಫೈಲಿಗೆ ಸುಮ್ನೆ ಅಂಟೋದಿಲ್ಲ.

ಇಷ್ಟು ಮಾಡಿ ಬಿಟ್ರೆ ಹಳೇ ಫೈಲ್ ಸರಿ, ನಾಳೆ ಹೊಸ ಪಟ್ಟಿ ಮಾಡಿದಾಗ ಮತ್ತದೇ ರಗಳೆ, ಯಾಕಂದ್ರೆ ಹೊಸ ಫೈಲ್ ಮಾಡಿದವನ ಸ್ವಂತ ಗ್ರೂಪಿಗೆ ಹೋಗ್ತದೆ. ಅದಕ್ಕೆ ಫೋಲ್ಡರ್ ಮೇಲೆ (ಇದೂ, ಫೋಲ್ಡರಿಗೆ ಕೊಡೋ ಮುಂದಿನವೂ ಸುಡೊದಲ್ಲೇ) 'ಚ್‌ಮಾಡ್ ಜಿ+ಎಸ್' ಹಾಕಿ, ಒಳಗೆ ಹುಟ್ಟೋ ಫೈಲೆಲ್ಲ ವಖಾರಿ ಗ್ರೂಪಿಗೇ ಸೇರ್ತದೆ. ಆದ್ರೆ 'ಯುಮಾಸ್ಕ್' (ಹೊಸ ಫೈಲಿಗೆ ಯಾವ ಹಕ್ಕು ಕೊಡಬಾರ್ದು ಅಂತ ಹೇಳೋ ಸೆಟ್ಟಿಂಗ್) 0022 ಇದ್ರೆ ಗ್ರೂಪಿಗೆ ಬರೆಯೋ ಹಕ್ಕು ಕಟ್ಟಾಗ್ತದೆ, ಹಂಗಾಗಿ 'ಸೆಟ್‌ಎಫ್‌ಎಸಿಎಲ್ -ಡಿ -ಎಂ ಜಿ:ವಖಾರಿ:ಆರ್‌ಡಬ್ಲ್ಯೂಎಕ್ಸ್' ಅಂತ ಫೋಲ್ಡರಿಗೆ ಒಂದ್ಸಲ ಕೊಟ್ಬಿಡಿ (ಇಲ್ಲಿ ಎಲ್ಲಾ ಅಕ್ಷರ ಸಣ್ಣದೇ), ಯುಮಾಸ್ಕ್ ಏನಿದ್ರೂ ಅಡ್ಡಿಲ್ಲ. ನನ್ನ ಪ್ರಕಾರ ಯುಮಾಸ್ಕ್ ತಿದ್ದೋಕೆ ಹೋಗೋದಕ್ಕಿಂತ ಇದೇ ಚೊಲೋ.

ಇನ್ನೊಂದು ವಿಷ್ಯ, ಡಿಲೀಟ್ ಮಾಡೋಕೆ ಲಿನಕ್ಸ್ ಫೈಲಿನ ಪರ್ಮಿಷನ್ ಕೇಳೋದಿಲ್ಲ, ಫೋಲ್ಡರಿಂದು ಕೇಳ್ತದೆ. ಚಾಲಿ ಲೆಕ್ಕದ ಫೈಲಿಗೆ ನೀವು 444 ಹಾಕಿ ಭದ್ರ ಮಾಡಿದ್ರೂ ಹುಡುಗ ಅದನ್ನ ಅಳಿಸಬಹುದು. ಅದು ಬೇಡ ಅಂದ್ರೆ ಫೋಲ್ಡರಿಗೆ 'ಚ್‌ಮಾಡ್ +ಟಿ', ಆಮೇಲೆ ಅವನವನ ಫೈಲ್ ಅವನವನೇ ಅಳಿಸಬೇಕು, ಫೋಲ್ಡರಿನ ಓನರ್ ಮತ್ತೆ ರೂಟ್ (ಕಂಪ್ಯೂಟರಿನ ಅಡ್ಮಿನ್) ಬಿಟ್ಟು.

ಮತ್ತೆ ಹೋಮಿಂದ ಫೈಲ್ ತರೋವಾಗ 'ಸಿಪಿ' (ಕಾಪಿ) ಬಳಸಿ. 'ಎಂವಿ' (ಮೂವ್) ಮಾಡಿದ್ರೆ ಹಳೇ ಗ್ರೂಪ್ ಹಂಗೇ ಉಳ್ಕೊಳ್ತದೆ, ಜಿ+ಎಸ್ ಇದ್ರೂ. ಪೆನ್‌ಡ್ರೈವಲ್ಲಿ ಎಕ್ಸ್‌ಫ್ಯಾಟ್ ಅನ್ನೋ ಫಾರ್ಮ್ಯಾಟ್ ಇದ್ರೆ ಇದ್ಯಾವ್ದೂ ನಡೆಯೋದಿಲ್ಲ, ಓನರ್ ಯಾರು ಅಂತ ಬರೆದಿಡೋಕೆ ಅದರಲ್ಲಿ ಜಾಗವೇ ಇಲ್ಲ.