ಮ್ಯಾಕ್ರೋಫೇಜ್ ಟಿಪ್ಪಣಿ: ಉರಿಯೂತ ಆರದೇ ಹೋದರೆ ಏನಾಗುತ್ತದೆ?

ಮಡಿಕೇರಿ, ವಿರಾಜಪೇಟೆ ಕಡೆ ನರ್ಸಿಂಗ್, ಮೆಡಿಕಲ್ ಓದುತ್ತಿರುವ ಗೆಳೆಯರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ತೋಟದಲ್ಲಿ ಮರಗಸಿ ಮಾಡುವಾಗ ಹಾಲುವಾಣದ ಮುಳ್ಳು ಚುಚ್ಚುತ್ತದೆ. ಆ ಜಾಗ ಕೆಂಪಾಗಿ, ಬಿಸಿಯಾಗಿ ಊದಿಕೊಳ್ಳುತ್ತದೆ. ಇದೇ ಉರಿಯೂತ. ಕೆಲವು ದಿನಗಳಲ್ಲಿ ಇಳಿಯುತ್ತದೆ. ಊದಿಸುವುದರಲ್ಲೂ ಇಳಿಸುವುದರಲ್ಲೂ ಮ್ಯಾಕ್ರೋಫೇಜ್‌ಗಳ, ಅಂದರೆ ಕ್ರಿಮಿಗಳನ್ನೂ ಸತ್ತ ಕೋಶಗಳನ್ನೂ ನುಂಗುವ ರಕ್ಷಣಾ ಕೋಶಗಳ, ಕೈ ಇದೆ. ನಾವು ಊದಿಸುವ ಕಥೆಯನ್ನಷ್ಟೇ ಬಾಯಿಪಾಠ ಮಾಡುತ್ತೇವೆ. ಆದರೆ ಸಕ್ಕರೆ ಕಾಯಿಲೆ ಅರ್ಥವಾಗಬೇಕಾದರೆ ಇಳಿಸುವ ಕಥೆಯೇ ಮುಖ್ಯ.

ಇಂಥ ನುಂಗುವ ಕೋಶಗಳ ಕೆಲಸವನ್ನು ಗುರುತಿಸಿದ ವಿಜ್ಞಾನಿ ಮೆಚ್ನಿಕಾಫ್ 1882ರಲ್ಲಿ ಇಟಲಿಯ ಮೆಸ್ಸಿನಾದಲ್ಲಿ ನೋಡಿದ್ದೂ ಮುಳ್ಳನ್ನೇ. ನಕ್ಷತ್ರಮೀನಿನ ಮರಿಗೆ ಅವರು ಗುಲಾಬಿ ಮುಳ್ಳು ಚುಚ್ಚಿದರು. ಮರುದಿನ ಅದರ ಸುತ್ತ ಕೋಶಗಳು ಮುತ್ತಿಕೊಂಡಿದ್ದವು. 1908ರಲ್ಲಿ ಪಾಲ್ ಎರ್ಲಿಕ್ ಜೊತೆ ಅವರಿಗೆ ನೊಬೆಲ್ ಬಂತು.

ಈ ಕೋಶಗಳು ಎಲ್ಲಿಂದ ಬರುತ್ತವೆ? ಕಾಫಿ ಎಸ್ಟೇಟ್ ನೆನೆಸಿಕೊಳ್ಳಿ. ಲೈನ್ ಮನೆಗಳಲ್ಲಿ ವರ್ಷವಿಡೀ ಇರುವವರು ಬೇರೆ, ಕೊಯ್ಲಿಗೆ ಹೊರಗಿನಿಂದ ಬರುವವರು ಬೇರೆ. ಮೆದುಳಿನ ಮ್ಯಾಕ್ರೋಫೇಜ್‌ಗಳಾದ ಮೈಕ್ರೋಗ್ಲಿಯಾ, ಲಿವರ್‌ನ ಮ್ಯಾಕ್ರೋಫೇಜ್‌ಗಳಾದ ಕುಪ್ಫರ್ ಕೋಶಗಳು ಹೆಚ್ಚಾಗಿ ಭ್ರೂಣದಲ್ಲಿದ್ದಾಗಲೇ ಬಂದು ನೆಲೆಸಿದವು. ಗಾಯವಾದಾಗ ರಕ್ತದಿಂದ ಬರುವ ಮಾನೋಸೈಟ್‌ಗಳು ಎರಡನೇ ಗುಂಪು. ಇವು ಮೂಳೆ ಮಜ್ಜೆಯಲ್ಲಿ ಹುಟ್ಟಿ, ಅಂಗಾಂಶಕ್ಕೆ ಇಳಿದ ಮೇಲೆ ಮ್ಯಾಕ್ರೋಫೇಜ್ ಆಗುತ್ತವೆ.

ಮ್ಯಾಕ್ರೋಫೇಜ್‌ನಲ್ಲಿ ಎರಡು ಬಗೆ, ಎಂ1 ಉರಿಸುತ್ತದೆ, ಎಂ2 ಆರಿಸುತ್ತದೆ ಎಂದು ಪುಸ್ತಕ ಹೇಳುತ್ತದೆ. ಪರೀಕ್ಷೆಯಲ್ಲಿ ಹಾಗೇ ಬರೆಯಿರಿ. ಆದರೆ ದೇಹದಲ್ಲಿ ಹಾಗೆ ಎರಡೇ ಖಾನೆ ಇಲ್ಲ, ನಡುವೆ ಎಷ್ಟೋ ಸ್ಥಿತಿಗಳಿವೆ. ನನಗೆ ಹೆಚ್ಚು ಉಪಯೋಗ ಅನ್ನಿಸುವುದು ಕೋಶದ ಊಟವನ್ನು ನೋಡುವುದು. ಕಾದಾಡುವಾಗ ಅದು ಗ್ಲೂಕೋಸನ್ನು ಬೇಗ ಬೇಗ ಒಡೆದು ಶಕ್ತಿ ಪಡೆಯುತ್ತದೆ. ರಿಪೇರಿಗೆ ಇಳಿದಾಗ ಕೋಶದೊಳಗೆ ಆಮ್ಲಜನಕ ಬಳಸಿ ಶಕ್ತಿ ತಯಾರಿಸುವ ಮೈಟೊಕಾಂಡ್ರಿಯಾವನ್ನು ಜಾಸ್ತಿ ನೆಚ್ಚಿಕೊಳ್ಳುತ್ತದೆ. ಗಾಯಕ್ಕೆ ಮೊದಲು ಓಡಿಬರುವ ಬಿಳಿ ರಕ್ತಕೋಶಗಳಾದ ನ್ಯೂಟ್ರೋಫಿಲ್‌ಗಳು ಸತ್ತಾಗ ಅವನ್ನು ನುಂಗಿದ ಮೇಲೆ ಐಎಲ್-10ರಂಥ ತಣಿಸುವ ಸಂಕೇತಗಳನ್ನು ಬಿಡುತ್ತದೆ. ಅಂದರೆ ಉರಿಯೂತ ಸುಮ್ನೆ ಆರುವುದಿಲ್ಲ, ಅದನ್ನು ಆರಿಸುವ ಕೆಲಸ ನಡೆಯಬೇಕು.

ಬೊಜ್ಜಿನಲ್ಲಿ ಆ ಕೆಲಸ ಮುಗಿಯುವುದೇ ಇಲ್ಲ. ಉಬ್ಬಿ ಸತ್ತ ಕೊಬ್ಬಿನ ಕೋಶ ಮ್ಯಾಕ್ರೋಫೇಜ್‌ಗಿಂತ ಬಹಳ ದೊಡ್ಡದು. ಒಂದೇ ತುತ್ತಿಗೆ ನುಂಗಲು ಆಗದು. ಹಾಗಾಗಿ ಹಲವು ಮ್ಯಾಕ್ರೋಫೇಜ್‌ಗಳು ಅದರ ಸುತ್ತ ಕಿರೀಟದ ಹಾಗೆ ಕೂರುತ್ತವೆ. ಎಂಸಿಪಿ-1 ಎಂಬ ಸಂಕೇತ ಇನ್ನಷ್ಟು ಮಾನೋಸೈಟ್‌ಗಳನ್ನು ಕರೆಯುತ್ತದೆ. ತೆಳ್ಳಗಿನ ದೇಹದ ಕೊಬ್ಬಿನಲ್ಲಿ ನೂರು ಕೋಶಗಳಿಗೆ ಸುಮಾರು 10ಕ್ಕಿಂತ ಕಡಿಮೆ ಇರುವ ಮ್ಯಾಕ್ರೋಫೇಜ್‌ಗಳು ತೀವ್ರ ಬೊಜ್ಜಿನಲ್ಲಿ 40ರವರೆಗೂ ಏರಬಹುದು. ಕ್ರಿಮಿಯೇ ಇಲ್ಲದ ಜಾಗದಲ್ಲಿ ಇಷ್ಟೊಂದು ಸೈನ್ಯ!

ಬೊಜ್ಜಿನ ಇಲಿಗಳ ಕೊಬ್ಬಿನಲ್ಲಿ ಟಿಎನ್‌ಎಫ್ ಆಲ್ಫಾ ಎಂಬ ಉರಿಯೂತದ ಸಂಕೇತ ಜಾಸ್ತಿ ಇದೆ, ಅದು ಇನ್ಸುಲಿನ್‌ಗೆ ಅಡ್ಡಿ ಮಾಡುತ್ತದೆ ಎಂದು 1993ರಲ್ಲೇ ಗೊತ್ತಾಗಿತ್ತು. ಆ ಕೊಬ್ಬಿನಲ್ಲಿ ಮ್ಯಾಕ್ರೋಫೇಜ್‌ಗಳು ತುಂಬಿಕೊಂಡಿವೆ ಎಂದು 2003ರಲ್ಲಿ ತಿಳಿಯಿತು. ಅವು ಬಿಡುವ ಟಿಎನ್‌ಎಫ್‌ನಿಂದಾಗಿ, ಇನ್ಸುಲಿನ್ ಸಂದೇಶವನ್ನು ಕೋಶದೊಳಗೆ ಸಾಗಿಸುವ ಐಆರ್‌ಎಸ್-1 ಪ್ರೋಟೀನಿನ ತಪ್ಪು ಜಾಗಕ್ಕೆ ಫಾಸ್ಫೇಟ್ ಅಂಟುತ್ತದೆ. ಆಗ ಇನ್ಸುಲಿನ್ ಬಾಗಿಲು ತಟ್ಟಿದರೂ ಒಳಗಿನ ಸಂದೇಶ ಮುಂದೆ ಹೋಗುವುದಿಲ್ಲ. ಕೊಬ್ಬು ಕರಗಿ ಫ್ಯಾಟಿ ಆಸಿಡ್‌ಗಳು ಲಿವರ್‌ಗೆ ಹರಿಯುತ್ತವೆ, ರಕ್ತದಲ್ಲಿ ಸಕ್ಕರೆ ಏರುತ್ತದೆ.

ಇನ್ನು ಹಾರ್ಮೋನ್. ಮೂಳೆ ಕರಗಿಸುವ ಆಸ್ಟಿಯೊಕ್ಲಾಸ್ಟ್ ಕೂಡ ಇದೇ ಮನೆತನದ ಕೋಶ. ಹೆಣ್ಣಿನ ಹಾರ್ಮೋನ್ ಈಸ್ಟ್ರೋಜನ್ ಅದನ್ನು ಹಿಡಿತದಲ್ಲಿ ಇಡುತ್ತದೆ. ಮುಟ್ಟು ನಿಂತ ಮೇಲೆ ಆ ಹಿಡಿತ ಸಡಿಲವಾಗುತ್ತದೆ, ಮೂಳೆ ಸವೆಯುತ್ತದೆ. ಇನ್ನೊಂದು ಕಡೆ, ಉರಿಯೂತವಿರುವ ಸ್ತನದ ಕೊಬ್ಬಿನಲ್ಲಿ ಅರೋಮಟೇಸ್ ಎಂಬ ಕಿಣ್ವ ಹೆಚ್ಚಾಗಿ ಅಲ್ಲೇ ಈಸ್ಟ್ರೋಜನ್ ತಯಾರಾಗುತ್ತದೆ. ಮುಟ್ಟು ನಿಂತ ಮೇಲಿನ ಬೊಜ್ಜಿಗೂ ಸ್ತನ ಕ್ಯಾನ್ಸರಿಗೂ ಇರುವ ನಂಟಿನಲ್ಲಿ ಇದೂ ಒಂದು ಎಳೆ. ಗರ್ಭಕೋಶದ ಒಳಪದರದಂಥ ಅಂಗಾಂಶ ಹೊರಗೆ ಬೆಳೆಯುವ ಕಾಯಿಲೆ ಎಂಡೊಮೆಟ್ರಿಯೋಸಿಸ್. ಅದರಲ್ಲಿ ಮ್ಯಾಕ್ರೋಫೇಜ್‌ಗಳು ಹಾಗೆ ಹೊರಗೆ ಅಂಟಿದ ಅಂಗಾಂಶಕ್ಕೆ ರಕ್ತನಾಳ, ನರ ಬೆಳೆಯಲು ನೆರವಾಗುತ್ತವೆ. ಆ ಕಾಯಿಲೆಯ ನೋವನ್ನು ಬರೀ ಮುಟ್ಟಿನ ನೋವು ಎಂದು ತಳ್ಳಿಹಾಕಬಾರದು ಅನ್ನುವುದಕ್ಕೆ ಇಷ್ಟು ಸಾಕು ಅಲ್ವಾ?

ವೈವಾದಲ್ಲಿ ಕೇಳಬಹುದಾದ ಒಂದು ವಿಷಯ: ಮ್ಯಾಕ್ರೋಫೇಜ್ ತಾನೇ ಹಾರ್ಮೋನನ್ನೂ ತಯಾರಿಸಬಲ್ಲದು. ಅಂಗಗಳಲ್ಲಿ ಉರಿಯೂತದ ಗಂಟುಗಳೇಳುವ ಸಾರ್ಕಾಯ್ಡೋಸಿಸ್ ಕಾಯಿಲೆಯಲ್ಲಿ, ಕೆಲವೊಮ್ಮೆ ಟಿಬಿಯಲ್ಲೂ, ಆ ಗಂಟುಗಳ (ಗ್ರಾನ್ಯುಲೋಮಾ) ಮ್ಯಾಕ್ರೋಫೇಜ್‌ಗಳು ವಿಟಮಿನ್ ಡಿಯನ್ನು ಕಿಡ್ನಿಯ ಅಂಕೆಯಿಲ್ಲದೆ ಹಾರ್ಮೋನಿನಂತೆ ಕೆಲಸ ಮಾಡುವ ಸಕ್ರಿಯ ರೂಪಕ್ಕೆ ತಿರುಗಿಸುತ್ತವೆ. ರಕ್ತದಲ್ಲಿ ಕ್ಯಾಲ್ಸಿಯಂ ಏರುತ್ತದೆ, ಕ್ಯಾಲ್ಸಿಯಂ ಏರಿಸುವ ಹಾರ್ಮೋನ್ ಆದ ಪಿಟಿಎಚ್ ಇಳಿದಿರುತ್ತದೆ. ಸಾರ್ಕಾಯ್ಡೋಸಿಸ್ ರೋಗಿಗೆ ಸ್ಟೀರಾಯ್ಡ್ ಕೊಟ್ಟರೆ ಮ್ಯಾಕ್ರೋಫೇಜ್‌ಗಳ ಈ ಕೆಲಸ ತಗ್ಗುತ್ತದೆ, ಕ್ಯಾಲ್ಸಿಯಂ ಇಳಿಯುವುದು ಇದೇ ಕಾರಣಕ್ಕೆ.